ಓದುಗರ ಪ್ರಶ್ನೆ, ನಮ್ಮ ಉತ್ತರ: ಅನೋಯೆಟಾದ ಟ್ರ್ಯಾಕ್ ಯಾಕೆ ಕಿತ್ರು?

ಕಳೆದ ಸಂಚಿಕೆಲಿ ಸ್ಪೇನಿನ ಬಾಸ್ಕ್ ನಾಡಿನ ಡರ್ಬಿ ಬಗ್ಗೆ, ಅಂದ್ರೆ ಅಥ್ಲೆಟಿಕ್ ಬಿಲ್ಬಾವೊಗೂ ರಿಯಾಲ್ ಸೊಸಿಯೆಡಾಡ್‌ಗೂ ನಡೆಯೋ ಫುಟ್ಬಾಲ್ ಮ್ಯಾಚ್ ಬಗ್ಗೆ ನಾಲ್ಕು ಸಾಲು ಬರೆದಿದ್ವಿ. ಬಿಲ್ಬಾವೊ ಬಗ್ಗೆ ಪತ್ರ ಬರುತ್ತೆ ಅಂದ್ಕೊಂಡ್ರೆ ಬಂದಿದ್ದೆಲ್ಲಾ ಸೊಸಿಯೆಡಾಡ್ ಬಗ್ಗೆ, ಅದರಲ್ಲೂ ಅನೋಯೆಟಾ ಅನ್ನೋ ಅವರ ಸ್ಟೇಡಿಯಂ ಬಗ್ಗೆ. ಸರಿ, ಈ ಸಲದ ಅಂಕಣ ಪೂರ್ತಿ ಅವರಿಗೇ.

ಪ್ರಶ್ನೆ: ಸರ್, ರಿಯಾಲ್ ಸೊಸಿಯೆಡಾಡ್ ಅನ್ನೋದು ರಿಯಾಲ್ ಮ್ಯಾಡ್ರಿಡ್‌ನವರ ಬ್ರಾಂಚಾ? ಎರಡಕ್ಕೂ ರಿಯಾಲ್ ಯಾಕೆ?

ಉತ್ತರ: ಇದನ್ನ ಆ ಊರಲ್ಲಿ ಹೋಗಿ ಕೇಳ್ಬೇಡಿ ಮಾರಾಯ್ರೇ! ರಿಯಾಲ್ ಅಂದ್ರೆ ರಾಜನ ಮನ್ನಣೆ ಸಿಕ್ಕಿದ್ದು ಅಂತ, ಅಷ್ಟೇ. ಹೀಗೆ ರಿಯಾಲ್ ಅಂಟಿಸ್ಕೊಂಡಿರೋ ಕ್ಲಬ್‌ಗಳು ಸ್ಪೇನಲ್ಲಿ ಬೇಕಾದಷ್ಟಿವೆ. ಸೊಸಿಯೆಡಾಡ್ ಇರೋದು ಸ್ಯಾನ್ ಸೆಬಾಸ್ಟಿಯನ್‌ನಲ್ಲಿ, ಬಾಸ್ಕ್ ಭಾಷೇಲಿ ದೊನೊಸ್ತಿಯಾ ಅಂತಾರೆ, ಫ್ರಾನ್ಸ್ ಗಡಿ ಹತ್ರ, ಸಮುದ್ರದ ದಡದಲ್ಲಿ, ಗಿಪುಸ್ಕೋವಾ ಅನ್ನೋ ಪುಟ್ಟ ಪ್ರಾಂತ್ಯದ ಮುಖ್ಯ ಊರು. ಕ್ಲಬ್ ಶುರುವಾಗಿದ್ದು 1909ರ ಸೆಪ್ಟೆಂಬರ್‌ನಲ್ಲಿ. ರಾಜ 13ನೇ ಅಲ್ಫೊನ್ಸೊ ಬೇಸಿಗೆ ಕಳೆಯೋಕೆ ಇದೇ ಊರಿಗೆ ಬರ್ತಿದ್ದ, 1910ರಲ್ಲೇ ಬಿರುದು ಕೊಟ್ಟ. ರಿಯಾಲ್ ಮ್ಯಾಡ್ರಿಡ್‌ಗೆ ಅದು ಸಿಕ್ಕಿದ್ದು 1920ರಲ್ಲಿ, ಹಾಗಾಗಿ ಬಿರುದಿನ ಲೆಕ್ಕದಲ್ಲಿ ಸೊಸಿಯೆಡಾಡೇ ಹಿರಿಯಣ್ಣ. 1931ರಲ್ಲಿ ಸ್ಪೇನ್ ಗಣರಾಜ್ಯ ಆದಾಗ ರಾಜನ ಬಿರುದು ಕಳಚಿ ದೊನೊಸ್ತಿಯಾ ಫುಟ್ಬಾಲ್ ಕ್ಲಬ್ ಅಂತ ಹೆಸರಿಟ್ಕೊಂಡಿದ್ರು, ಆಮೇಲೆ ಹಳೇ ಹೆಸರೇ ವಾಪಸ್ ಬಂತು. 1929ರಲ್ಲಿ ಸ್ಪ್ಯಾನಿಷ್ ಲೀಗ್ ಶುರುವಾದಾಗ ಇದ್ದ 10 ಕ್ಲಬ್‌ಗಳಲ್ಲಿ ಇವರೂ ಒಬ್ಬರು. ಜೆರ್ಸಿ ನೀಲಿ ಬಿಳಿ ಪಟ್ಟೆ, ಅದಕ್ಕೇ ಅಭಿಮಾನಿಗಳು ಟೀಮನ್ನ ಚುರಿ ಉರ್ದಿನ್ ಅಂತ ಕರೀತಾರೆ, ಬಾಸ್ಕ್‌ನಲ್ಲಿ ಬಿಳಿ ನೀಲಿ ಅಂತ.

ಪ್ರಶ್ನೆ: ಅನೋಯೆಟಾ ಸ್ಟೇಡಿಯಂ ಕಟ್ಟಿದ್ದು 1993ರಲ್ಲಿ ಅಂತ ಓದಿದೆ. ಅಷ್ಟು ಹೊಸ ಸ್ಟೇಡಿಯಂನ 2017ರಲ್ಲೇ ಮತ್ತೆ ಕೆಡವಿ ಕಟ್ಟೋ ಅವಸರ ಏನಿತ್ತು? ದುಡ್ಡು ಜಾಸ್ತಿ ಆಗಿತ್ತಾ?

ಉತ್ತರ: ಒಳ್ಳೇ ಪ್ರಶ್ನೆ, ಸ್ವಲ್ಪ ಉದ್ದದ ಉತ್ತರ. ಕಟ್ಟಡ ಹಳೇದಾಗಿರ್ಲಿಲ್ಲ ನಿಜ, ತೊಂದ್ರೆ ಇದ್ದಿದ್ದು ಪ್ಲಾನ್‌ನಲ್ಲೇ. ಅನೋಯೆಟಾ ಕಟ್ಟಿದ್ದು ನಗರಸಭೆ, ಇವತ್ತಿಗೂ ಅದು ನಗರಸಭೆಯ ಆಸ್ತಿ. ಅವರಿಗೆ ಬೇಕಿದ್ದಿದ್ದು ಎಲ್ಲಾ ಆಟಕ್ಕೂ ಆಗೋ ಸ್ಟೇಡಿಯಂ, ಹಾಗಾಗಿ ಫುಟ್ಬಾಲ್ ಮೈದಾನದ ಸುತ್ತ ಓಟದ ಟ್ರ್ಯಾಕ್ ಹಾಕಿದ್ರು, 1993ರ ಯುರೋಪಿಯನ್ ಜೂನಿಯರ್ ಅಥ್ಲೆಟಿಕ್ಸ್ ಚಾಂಪಿಯನ್‌ಶಿಪ್ ಅಲ್ಲೇ ನಡೀತು.

ಟ್ರ್ಯಾಕ್ ಇದ್ರೆ ಏನಾಗುತ್ತೆ ಅಂತ ಪೇಪರ್ ಪೆನ್ ಹಿಡ್ಕೊಂಡು ಲೆಕ್ಕ ಹಾಕಿ ನೋಡಿ, ಮಜವಾಗಿದೆ. ಸ್ಟ್ಯಾಂಡರ್ಡ್ 400 ಮೀಟರ್ ಟ್ರ್ಯಾಕ್‌ನಲ್ಲಿ ನೇರ ಭಾಗ 84.39 ಮೀಟರ್, ಎರಡೂ ತುದಿಲಿ ಅರ್ಧ ವೃತ್ತ, ಅದರ ತ್ರಿಜ್ಯ 36.5 ಮೀಟರ್. ಒಂದು ಲೇನ್ 1.22 ಮೀಟರ್, ಎಂಟು ಲೇನ್ ಅಂದ್ರೆ ಸುಮಾರು 10 ಮೀಟರ್ ಅಗಲ. ಇದರೊಳಗೆ 105 ಮೀಟರ್ ಉದ್ದ 68 ಮೀಟರ್ ಅಗಲದ ಫುಟ್ಬಾಲ್ ಮೈದಾನ ಇಡಿ. ಸೈಡ್ ಲೈನ್ ಕಡೆ ಪರವಾಗಿಲ್ಲ, ಗೆರೆಯಿಂದ ಟ್ರ್ಯಾಕ್‌ನ ಹೊರ ಅಂಚಿಗೆ ಹನ್ನೆರಡು ಹದಿಮೂರು ಮೀಟರ್. ಆದ್ರೆ ಗೋಲ್ ಹಿಂದೆ ಹೋಗಿ ನಿಂತ್ರೆ? ಅರ್ಧ ವೃತ್ತದ ತುದಿ ತನಕ 26 ಮೀಟರ್ ಖಾಲಿ ಜಾಗ, ಅದರ ಮೇಲೆ 10 ಮೀಟರ್ ಟ್ರ್ಯಾಕ್. ಅಂದ್ರೆ ಗೋಲ್ ಹಿಂದಿನ ಮೊದಲನೇ ಸಾಲಲ್ಲಿ ಟಿಕೆಟ್ ಸಿಕ್ಕಿದ್ರೂ ಗೋಲಿ, ಅಂದ್ರೆ ಗೋಲ್‌ಕೀಪರ್, ನಿಮ್ಮಿಂದ ಕಮ್ಮಿ ಅಂದ್ರೂ 36 ಮೀಟರ್ ದೂರ! ಪೆನಾಲ್ಟಿ ಸ್ಪಾಟ್ ಇನ್ನೂ 11 ಮೀಟರ್ ಆಚೆ, ಆ ಕಡೆ ಗೋಲಂತೂ ದೇವರಿಗೇ ಪ್ರೀತಿ. ಕಾರ್ನರ್ ಫ್ಲಾಗ್ ಹತ್ರ ಉಲ್ಟಾ ಕತೆ, ಅಲ್ಲಿ ಮೈದಾನದ ಮೂಲೆಗೂ ಟ್ರ್ಯಾಕ್‌ಗೂ ಹೆಚ್ಚುಕಮ್ಮಿ ಒಂದು ಮೀಟರ್ ಅಷ್ಟೇ ಅಂತರ, ಕಾರ್ನರ್ ಕಿಕ್ ಹೊಡೆಯೋನು ಓಡಿ ಬರ್ಬೇಕಂದ್ರೆ ಟ್ರ್ಯಾಕ್ ಮೇಲೆ ಕಾಲಿಡ್ಬೇಕಾಗುತ್ತೆ.

ಇದರಿಂದ ಹೊಡೆತ ಬಿದ್ದಿದ್ದು ಸದ್ದಿಗೆ. ಜನ ಕೂಗೋದು ಮೈದಾನ ಮುಟ್ಟೋ ಹೊತ್ತಿಗೆ ಅರ್ಧ ಗಾಳಿಗೆ ಹೋಗಿರುತ್ತೆ. ಅತೋಚಾ ಅನ್ನೋ ಹಳೇ ಇಕ್ಕಟ್ಟಿನ ಮೈದಾನದಲ್ಲಿ ಆಟಗಾರರ ಕಿವಿಗೇ ಕೂಗ್ತಿದ್ದ ಜನಕ್ಕೆ ಅನೋಯೆಟಾಗೆ ಬಂದ್ಮೇಲೆ ಬೈನಾಕ್ಯುಲರ್ ಬೇಕೇನೋ ಅನ್ನೋ ಹಾಗಾಯ್ತು. ಇಪ್ಪತ್ತು ವರ್ಷ ಮೇಲ್ಪಟ್ಟು ಟ್ರ್ಯಾಕ್ ತೆಗೀರಿ ಅನ್ನೋ ಕೂಗಿತ್ತು, ಕೊನೆಗೆ 2017ರಲ್ಲಿ ಕೆಲ್ಸ ಶುರುವಾಯ್ತು. ನನ್ನ ಅಭಿಪ್ರಾಯ ಕೇಳಿದ್ರೆ, ಆ ರಿಪೇರಿಲಿ ಉಳಿದಿದ್ದೆಲ್ಲಾ ಅಲಂಕಾರ, ನಿಜವಾದ ಕೆಲ್ಸ ಅಂದ್ರೆ ಆ 36 ಮೀಟರ್‌ನ ನುಂಗಿ ಹಾಕಿದ್ದು.

ಪ್ರಶ್ನೆ: ಹಾಗಾದ್ರೆ ಓಟಗಾರರ ಗತಿ? ಫುಟ್ಬಾಲ್‌ನವರಿಗೆ ದುಡ್ಡಿದೆ ಅಂತ ಅಥ್ಲೆಟಿಕ್ಸ್‌ನವರನ್ನ ಹೊರಗೆ ಹಾಕೋದು ಸರೀನಾ?

ಉತ್ತರ: ನಿಮ್ಮ ಸಿಟ್ಟು ಅರ್ಥ ಆಗುತ್ತೆ, ಎಷ್ಟೋ ಕಡೆ ಹಾಗೇ ಆಗಿದೆ. ಇಲ್ಲಿ ಪುಣ್ಯಕ್ಕೆ ಅನೋಯೆಟಾ ಅಂದ್ರೆ ಒಂದೇ ಸ್ಟೇಡಿಯಂ ಅಲ್ಲ, ಅದೊಂದು ದೊಡ್ಡ ಕ್ರೀಡಾ ಸಂಕೀರ್ಣ. ಪಕ್ಕದಲ್ಲೇ ಮಿನಿ ಸ್ಟೇಡಿಯಂ ಇದೆ, ಟ್ರ್ಯಾಕ್ ಅಲ್ಲಿದೆ, ಊರಿನ ಅಥ್ಲೆಟಿಕ್ಸ್ ಮೀಟ್‌ಗಳು ಅಲ್ಲಿ ನಡೆಯುತ್ವೆ. ಒಳಾಂಗಣ ವೆಲೊಡ್ರೋಮ್, ಅಂದ್ರೆ ಸೈಕಲ್ ರೇಸ್ ಟ್ರ್ಯಾಕ್, ಕೂಡ ಅಲ್ಲೇ ಇದೆ. ದಿನಾ ಬೆಳಿಗ್ಗೆ ಪ್ರಾಕ್ಟೀಸ್ ಮಾಡೋ ಹುಡುಗ ಹುಡುಗಿಗೆ ಸಾವಿರಾರು ಖಾಲಿ ಕುರ್ಚಿ ಇರೋ ಸ್ಟೇಡಿಯಂ ಬೇಕಾಗಿಲ್ಲ, ಒಳ್ಳೇ ಟ್ರ್ಯಾಕ್ ಬೇಕು. ಹತ್ರದಲ್ಲಿ ಬೇರೆ ಟ್ರ್ಯಾಕ್ ಇಲ್ಲದೇ ಇರೋ ಊರಲ್ಲಿ ಹೀಗೆ ಕಿತ್ತಿದ್ರೆ ಮಾತ್ರ ನಾನೂ ನಿಮ್ಮ ಪಕ್ಷವೇ.

ಪ್ರಶ್ನೆ: ಕೆಲ್ಸ ನಡೆಯುವಾಗ ಟೀಮ್ ಎಲ್ಲಿ ಆಡ್ತು? ಈಗ ಎಷ್ಟು ಜನ ಕೂರಬಹುದು?

ಉತ್ತರ: ಅಲ್ಲೇ ಆಡ್ತು! ಹಂತ ಹಂತವಾಗಿ ಮಾಡಿದ್ರು, ಒಂದು ಕಡೆ ಕ್ರೇನು, ಇನ್ನೊಂದು ಕಡೆ ಅಭಿಮಾನಿಗಳು. 2018ರಲ್ಲಿ ಮಾತ್ರ ಸೀಸನ್‌ನ ಮೊದಲ ಮೂರು ಮ್ಯಾಚ್ ಹೊರಗಡೆನೇ ಆಡಿ, ಸೆಪ್ಟೆಂಬರ್ 15ಕ್ಕೆ ಬಾರ್ಸಿಲೋನಾ ಎದುರು ಟ್ರ್ಯಾಕ್ ಇಲ್ಲದ ಮೈದಾನಕ್ಕೆ ಇಳಿದ್ರು. ಮೊದಲು ಗೋಲ್ ಹೊಡೆದಿದ್ದೂ ಇವರೇ, ಕೊನೆಗೆ 2-1ರಲ್ಲಿ ಗೆದ್ದಿದ್ದು ಬಾರ್ಸಿಲೋನಾ. ಪೂರ್ತಿ ಮುಗಿದ್ಮೇಲೆ 2019ರ ಸೆಪ್ಟೆಂಬರ್ 14ಕ್ಕೆ ಅಟ್ಲೆಟಿಕೊ ಮ್ಯಾಡ್ರಿಡ್ ವಿರುದ್ಧ ಅಧಿಕೃತ ಉದ್ಘಾಟನೆ, ಅವತ್ತು 2-0 ಗೆಲುವು, ಗೋಲ್ ಹೊಡೆದೋರು ಆಗ ಬೇರೆ ಕ್ಲಬ್‌ನಿಂದ ಲೋನ್ ಮೇಲೆ ಬಂದಿದ್ದ ಮಾರ್ಟಿನ್ ಓಡೆಗಾರ್ಡ್ ಮತ್ತೆ ನಾಚೊ ಮೊನ್ರಿಯಲ್. ಮುಂಚೆ 32,000 ಆಸುಪಾಸು ಇದ್ದ ಜಾಗ ಈಗ ಸುಮಾರು 39,500. ಜಾಗ ಎಲ್ಲಿಂದ ಬಂತು ಅಂದ್ರೆ ಆ ಟ್ರ್ಯಾಕ್ ಇದ್ದ ಕಡೆಯಿಂದಲೇ, ಕೆಳಗಿನ ಸ್ಟ್ಯಾಂಡ್‌ಗಳನ್ನ ಮೈದಾನದ ಗೆರೆ ತನಕ ಎಳೆದು ತಂದ್ರು. ಹೊರಗಡೆ ಬೆಳಕು ಹಾಯೋ ನೀಲಿ ಬಿಳಿ ಹೊದಿಕೆ, ರಾತ್ರಿ ಲೈಟ್ ಹಾಕಿದಾಗ ಚೆನ್ನಾಗಿ ಕಾಣುತ್ತೆ, ಫೋಟೋದವರಿಗೆ ಹಬ್ಬ.

ದಕ್ಷಿಣದ ಗೋಲ್ ಹಿಂದಿನ ಸ್ಟ್ಯಾಂಡ್ ಬಗ್ಗೆ ಒಂದ್ಮಾತು ಹೇಳ್ಲೇಬೇಕು. ಜೋರಾಗಿ ಹಾಡೋ, ನಿಂತ್ಕೊಂಡೇ ಮ್ಯಾಚ್ ನೋಡೋ ಅಭಿಮಾನಿಗಳ ಜಾಗ ಅದು, ಅದಕ್ಕೆ ಐಟೋರ್ ಸಬಲೆಟಾ ಅವರ ಹೆಸರಿದೆ. 1998ರ ಡಿಸೆಂಬರ್‌ನಲ್ಲಿ ಅಟ್ಲೆಟಿಕೊ ವಿರುದ್ಧದ ಯುಇಎಫ್‌ಎ ಕಪ್ ಮ್ಯಾಚ್ ನೋಡೋಕೆ ಮ್ಯಾಡ್ರಿಡ್‌ಗೆ ಹೋಗಿದ್ದ ಈ ಸೊಸಿಯೆಡಾಡ್ ಅಭಿಮಾನಿನ ಸ್ಟೇಡಿಯಂ ಹೊರಗೇ ಇರಿದು ಕೊಂದಿದ್ರು. ಸ್ಟ್ಯಾಂಡ್‌ಗೆ ಕಂಪನಿ ಹೆಸರೋ ಮಂತ್ರಿ ಹೆಸರೋ ಇಡೋ ಕಾಲದಲ್ಲಿ ಇದೊಂದು ಬೇರೆ ಥರದ ನಿರ್ಧಾರ.

ಪ್ರಶ್ನೆ: ಟೀವಿಲಿ ರಿಯಾಲೆ ಅರೀನಾ ಅಂತಾರೆ, ನೀವು ಅನೋಯೆಟಾ ಅಂತೀರಿ. ಯಾವುದು ಸರಿ?

ಉತ್ತರ: ಎರಡೂ. ರಿಯಾಲೆ ಅನ್ನೋದು ಇನ್ಶೂರೆನ್ಸ್ ಕಂಪನಿ, 2019ರಿಂದ ಹೆಸರಿನ ಸ್ಪಾನ್ಸರ್. ಕ್ಲಬ್ ಹೆಸರಲ್ಲಿರೋ ರಿಯಾಲ್‌ಗೂ ಅದಕ್ಕೂ ಸಂಬಂಧ ಇಲ್ಲ, ಕೇಳೋಕೆ ಒಂದೇ ಥರ ಇರೋದು ಅವರ ಅದೃಷ್ಟ. ಊರವರ ಬಾಯಲ್ಲಿ ಅದು ಅನೋಯೆಟಾನೇ.

ಪ್ರಶ್ನೆ: ಗೋಲ್ ಆದಾಗ ಸ್ಟೇಡಿಯಂ ಹೊರಗೆ ರಾಕೆಟ್ ಹಾರಿಸ್ತಾರಂತೆ, ನಿಜಾನಾ? ಸುಮ್ನೆ ಕಟ್ಟುಕತೆ ಅಂತ ನಮ್ಮ ಫ್ರೆಂಡ್ ವಾದ.

ಉತ್ತರ: ನಿಮ್ಮ ಫ್ರೆಂಡ್ ಸೋತ್ರು. ಅತೋಚಾ ಕಾಲದಿಂದ ಬಂದ ಪದ್ಧತಿ ಇದು. ಅತೋಚಾ ಇದ್ದಿದ್ದು ರೈಲ್ವೆ ಸ್ಟೇಷನ್ ಹತ್ರ, ಹಣ್ಣು ತರಕಾರಿ ಮಾರ್ಕೆಟ್ ಪಕ್ಕಾನೇ, 1913ರಿಂದ 1993ರ ತನಕ ಅಲ್ಲೇ ಆಟ. ಮೊಬೈಲ್ ಇಲ್ಲ, ಎಲ್ಲರ ಹತ್ರ ರೇಡಿಯೋನೂ ಇಲ್ಲ, ಸಮುದ್ರದಲ್ಲಿ ಮೀನು ಹಿಡಿಯೋಕೆ ಹೋದೋರಿಗೆ, ಅಂಗಡಿ ಬಿಟ್ಟು ಬರೋಕಾಗದೇ ಇರೋರಿಗೆ ಸ್ಕೋರ್ ಗೊತ್ತಾಗೋದು ಹೇಗೆ? ಸೊಸಿಯೆಡಾಡ್ ಗೋಲ್ ಹೊಡೆದ್ರೆ ಎರಡು ರಾಕೆಟ್, ಎದುರಾಳಿ ಹೊಡೆದ್ರೆ ಒಂದೇ ಒಂದು. ಇದರ ಸೊಗಸು ಇರೋದು ಆ ಎರಡರ ಮಧ್ಯೆ. ಮೊದಲನೇದು ಢಂ ಅಂತು, ಅಷ್ಟಕ್ಕೇ ಖುಷಿ ಪಡೋ ಹಾಗಿಲ್ಲ, ಊರಿಗೆ ಊರೇ ಉಸಿರು ಬಿಗಿ ಹಿಡಿದು ಎರಡನೇದಕ್ಕೆ ಕಾಯುತ್ತೆ, ಬಂದ್ರೆ ಕೇಕೆ, ಬರದೇ ಹೋದ್ರೆ ಒಂದು ಬೈಗುಳ ಬೈದು ಕೆಲ್ಸಕ್ಕೆ ವಾಪಸ್. ಈಗ ಎಲ್ಲರ ಜೇಬಲ್ಲೂ ಸ್ಕೋರ್ ಇದೆ, ಆದ್ರೂ ಅನೋಯೆಟಾದಲ್ಲಿ ಈ ಪದ್ಧತಿ ಬಿಟ್ಟಿಲ್ಲ.

ಪ್ರಶ್ನೆ: ಅಥ್ಲೆಟಿಕ್ ಬಿಲ್ಬಾವೊ ಥರ ಇವರೂ ಬಾಸ್ಕ್ ಆಟಗಾರರನ್ನ ಮಾತ್ರ ತಗೊಳ್ತಾರಾ?

ಉತ್ತರ: ಮುಂಚೆ ಹಾಗೇ ಇತ್ತು. 1989ರಲ್ಲಿ ಲಿವರ್‌ಪೂಲ್‌ನಿಂದ ಐರ್ಲೆಂಡ್‌ನ ಜಾನ್ ಆಲ್ಡ್ರಿಜ್‌ನ ಕರ್ಕೊಂಡು ಬಂದು ಆ ನಿಯಮ ಮುರಿದ್ರು. ಕೆಲವರಿಗೆ ಸಿಟ್ಟು ಬಂತು, ಆಲ್ಡ್ರಿಜ್ ಒಂದಾದ ಮೇಲೊಂದು ಗೋಲ್ ಹೊಡೆಯೋಕೆ ಶುರು ಮಾಡಿದ್ಮೇಲೆ ಸಿಟ್ಟು ಇಳೀತು, ಇದು ಎಲ್ಲಾ ಕಡೆ ನಡೆಯೋ ಕತೆ. ಬಿಲ್ಬಾವೊದವರು ಇವತ್ತಿಗೂ ಆ ನಿಯಮ ಬಿಟ್ಟಿಲ್ಲ. ಇಬ್ಬರೂ ಹುಡುಗರನ್ನ ಹುಡುಕೋದು ಅದೇ ಚಿಕ್ಕ ನಾಡಲ್ಲಿ, ಹಾಗಾಗಿ ಒಳ್ಳೇ ಹುಡುಗ ಸಿಕ್ಕಿದ್ರೆ ಎಳೆದಾಟ ತಪ್ಪಿದ್ದಲ್ಲ.

ನಿಯಮ ಹೋದ್ರೂ ಸೊಸಿಯೆಡಾಡ್‌ನ ಅಭ್ಯಾಸ ಹೋಗಿಲ್ಲ. ಊರಾಚೆ ಸುಬಿಯೆಟಾ ಅಂತ ಅವರ ತರಬೇತಿ ಕೇಂದ್ರ ಇದೆ, ಗಿಪುಸ್ಕೋವಾದ ಸಣ್ಣ ಸಣ್ಣ ಕ್ಲಬ್‌ಗಳ ಜೊತೆ ಒಪ್ಪಂದ ಮಾಡ್ಕೊಂಡು ಹುಡುಗರನ್ನ ಅಲ್ಲಿಗೆ ತರ್ತಾರೆ. ಪೂರ್ತಿ ಪ್ರಾಂತ್ಯದ ಜನಸಂಖ್ಯೆನೇ ಸುಮಾರು ಏಳು ಲಕ್ಷ, ಅಷ್ಟರಲ್ಲಿ ಶಾಬಿ ಅಲೊನ್ಸೊ, ಮಿಕೆಲ್ ಒಯಾರ್ಸಬಾಲ್, ಮಾರ್ಟಿನ್ ಸುಬಿಮೆಂಡಿ ಎಲ್ಲಾ ಬಂದಿದ್ದಾರೆ. ಆಂಟೊಯಿನ್ ಗ್ರೀಜ್ಮನ್ ಗಡಿ ಆಚೆ ಫ್ರಾನ್ಸ್‌ನ ಹುಡುಗ, ಕುಳ್ಳ ಅಂತ ಅಲ್ಲಿನ ಕ್ಲಬ್‌ಗಳು ಬೇಡ ಅಂದಾಗ ಕರೆದು ಬೆಳೆಸಿದ್ದು ಸುಬಿಯೆಟಾನೇ. 2024ರ ಯುರೋ ಕಪ್ ಗೆದ್ದ ಸ್ಪೇನ್ ಟೀಮಲ್ಲಿ ಆಗ ಸೊಸಿಯೆಡಾಡ್‌ಗೆ ಆಡ್ತಿದ್ದೋರು ಐದು ಜನ, ಫೈನಲ್‌ನಲ್ಲಿ ಇಂಗ್ಲೆಂಡ್ ವಿರುದ್ಧ 86ನೇ ನಿಮಿಷದಲ್ಲಿ ಗೆಲುವಿನ ಗೋಲ್ ಹೊಡೆದಿದ್ದೂ ಇದೇ ಒಯಾರ್ಸಬಾಲ್. ಸ್ಟೇಡಿಯಂ ಬಗ್ಗೆ ಇಷ್ಟೆಲ್ಲಾ ಕೇಳಿದ್ರಿ, ಆದ್ರೆ ಅದನ್ನ ತುಂಬಿಸೋದು ಈ ಹುಡುಗರು. ಒಯಾರ್ಸಬಾಲ್ ಪಕ್ಕದ ಎಯ್ಬಾರ್ ಊರಿನವನು, ಅವನ ಆಟ ನೋಡೋಕೆ ಅವನನ್ನ ಚಿಕ್ಕಂದಿನಿಂದ ಬಲ್ಲೋರೂ ಬಂದಿರ್ತಾರೆ, ಅಂಥ ಜನಾನ 36 ಮೀಟರ್ ದೂರ ಕೂರಿಸಿದ್ರೆ ಹೆಂಗೆ ಹೇಳಿ.

ಪ್ರಶ್ನೆ: ಡರ್ಬಿಲಿ ನಿಷೇಧ ಆಗಿದ್ದ ಬಾವುಟ ಹಿಡ್ಕೊಂಡು ಮೈದಾನಕ್ಕೆ ಬಂದಿದ್ರು ಅಂತ ಕಳೆದ ಸಲ ಒಂದೇ ಸಾಲಲ್ಲಿ ಬರೆದು ಬಿಟ್ಬಿಟ್ರಿ. ಪೂರ್ತಿ ಹೇಳಿ.

ಉತ್ತರ: 1976ರ ಡಿಸೆಂಬರ್ 5, ಅತೋಚಾ. ಸರ್ವಾಧಿಕಾರಿ ಫ್ರಾಂಕೊ ಸತ್ತು ಒಂದು ವರ್ಷ ಆಗಿತ್ತು ಅಷ್ಟೇ, ಬಾಸ್ಕ್ ಬಾವುಟ ಇಕುರಿನ್ಯಾ ಹಾರಿಸೋದು ಇನ್ನೂ ಕಾನೂನು ವಿರುದ್ಧ. ಸೊಸಿಯೆಡಾಡ್ ಆಟಗಾರ ಉರಾಂಗಾ ತನ್ನ ಅಕ್ಕತಂಗಿ ಕೈಲಿ ಹೊಲಿಸಿದ ಬಾವುಟನ ಕಣ್ತಪ್ಪಿಸಿ ಸ್ಟೇಡಿಯಂ ಒಳಗೆ ತಂದ. ಎರಡೂ ಟೀಮ್ ಜೊತೆಲಿ ಮೈದಾನಕ್ಕೆ ಬಂದಾಗ ಮುಂದೆ ಇದ್ದಿದ್ದು ಇಬ್ಬರು ಕ್ಯಾಪ್ಟನ್‌ಗಳು, ಸೊಸಿಯೆಡಾಡ್‌ನ ಕೊರ್ತಾಬಾರಿಯಾ ಮತ್ತೆ ಬಿಲ್ಬಾವೊ ಗೋಲಿ ಇರಿಬಾರ್, ಮಧ್ಯದಲ್ಲಿ ಇಬ್ಬರೂ ಹಿಡಿದಿದ್ದ ಬಾವುಟ. ಹತ್ತಿರ ಹತ್ತಿರ ಒಂದೂವರೆ ತಿಂಗಳಾದ್ಮೇಲೆ, 1977ರ ಜನವರಿಲಿ ನಿಷೇಧ ಹೋಯ್ತು. ಮ್ಯಾಚ್? ಸೊಸಿಯೆಡಾಡ್ 5-0. ಬಿಲ್ಬಾವೊದವರು ಬಾವುಟದ ಕತೆ ಹೇಳ್ವಾಗ ಸ್ಕೋರ್ ಮರ್ತುಬಿಡ್ತಾರೆ.

ಪ್ರಶ್ನೆ: ಒಂದೇ ಒಂದು ಮ್ಯಾಚ್ ಸೋತು ಲೀಗ್ ಕಳ್ಕೊಂಡ ಟೀಮ್ ಇವರೇನಾ?

ಉತ್ತರ: ಇವರೇ. 1979-80ರಲ್ಲಿ 34 ಮ್ಯಾಚ್‌ಗಳ ಲೀಗ್, ಮೊದಲ 32ರಲ್ಲಿ ಸೋಲೇ ಇಲ್ಲ, ಕೊನೇದಕ್ಕಿಂತ ಹಿಂದಿನದ್ದರಲ್ಲಿ ಸೆವಿಯಾ ಕೈಲಿ ಸೋತು ಒಂದು ಪಾಯಿಂಟ್‌ನಲ್ಲಿ ರಿಯಾಲ್ ಮ್ಯಾಡ್ರಿಡ್‌ಗೆ ಕಪ್ ಬಿಟ್ಕೊಟ್ರು. ಆದ್ರೆ ಮುಂದಿನ ವರ್ಷ ನೋಡಿ. 1981ರ ಏಪ್ರಿಲ್ 26, ಕೊನೇ ದಿನ, ಹಿಹೋನ್‌ನಲ್ಲಿ ಮ್ಯಾಚ್, ಒಂದು ಡ್ರಾ ಸಾಕು, ಆದ್ರೆ 2-1ರಲ್ಲಿ ಹಿಂದೆ ಇದ್ದಾರೆ. ಅತ್ಲಾಗೆ ವಯಾದೊಲಿದ್‌ನಲ್ಲಿ ತಮ್ಮ ಮ್ಯಾಚ್ ಗೆದ್ದ ಮ್ಯಾಡ್ರಿಡ್‌ನವರು ನಾವೇ ಚಾಂಪಿಯನ್ ಅಂತ ಕುಣಿಯೋಕೆ ಶುರು ಮಾಡಿದ್ರು. ಇತ್ಲಾಗೆ ಕೊನೇ ಕ್ಷಣದಲ್ಲಿ ಸಮೋರಾ ಗೋಲ್ ಹೊಡೆದ! 2-2, ಪಾಯಿಂಟ್ ಸಮ, ಪರಸ್ಪರ ಆಡಿದ ಮ್ಯಾಚ್‌ಗಳ ಲೆಕ್ಕದಲ್ಲಿ ಕಪ್ ಸೊಸಿಯೆಡಾಡ್‌ಗೆ. ಗೋಲಿ ಅರ್ಕೊನಾಡಾ, ಕೋಚ್ ಒರ್ಮಾಯೆಚಿಯಾ, ಮೈದಾನದಲ್ಲಿ ಇದ್ದೋರೆಲ್ಲಾ ಆ ನಾಡಿನ ಹುಡುಗರೇ. 1982ರಲ್ಲಿ ಮತ್ತೆ ಗೆದ್ರು, ಈ ಸಲ ಅತೋಚಾದಲ್ಲೇ, ಅದೂ ಬಿಲ್ಬಾವೊ ಎದುರು 2-1. 2003ರಲ್ಲಿ ಇನ್ನೊಂದು ಸಲ ಕೈಗೆ ಬಂದ ತುತ್ತು ಬಾಯಿಗೆ ಬರ್ಲಿಲ್ಲ, ಆಗಲೂ ಕೊನೇದಕ್ಕಿಂತ ಹಿಂದಿನ ಮ್ಯಾಚಲ್ಲೇ ಸೋಲು, 76 ಪಾಯಿಂಟ್ ಇವರದ್ದು, 78 ಮ್ಯಾಡ್ರಿಡ್‌ದು. 2007ರಲ್ಲಿ ಎರಡನೇ ಡಿವಿಷನ್‌ಗೆ ಬಿದ್ದು 2010ಕ್ಕೆ ಮೇಲೆ ಬಂದಿದ್ದೂ ಇದೇ ಕ್ಲಬ್.

ಪ್ರಶ್ನೆ: ಹೊಸ ಸ್ಟೇಡಿಯಂ ಬಂದ್ಮೇಲೆ ಕಪ್ ಬಂತಾ?

ಉತ್ತರ: ಬಂತು, ಆದ್ರೆ ವಿಧಿ ಆಟ ನೋಡಿ. 2019ರ ಸೆಪ್ಟೆಂಬರ್‌ನಲ್ಲಿ ಸ್ಟೇಡಿಯಂ ಉದ್ಘಾಟನೆ, ಅದೇ ಸೀಸನ್‌ನಲ್ಲಿ ರಿಯಾಲ್ ಮ್ಯಾಡ್ರಿಡ್‌ನ ಅವರ ನೆಲದಲ್ಲೇ 4-3ಕ್ಕೆ ಹೊಡೆದು ಕೋಪಾ, ಅಂದ್ರೆ ಸ್ಪೇನಿನ ನಾಕೌಟ್ ಕಪ್‌ನ, ಸೆಮಿಫೈನಲ್ಲು, ಆಮೇಲೆ ಫೈನಲ್ಲು, ಎದುರಾಳಿ ಯಾರು ಅಂದ್ರೆ ಬಿಲ್ಬಾವೊ! ಅಷ್ಟರಲ್ಲಿ ಕೋವಿಡ್ ಬಂತು. ಎರಡೂ ಕ್ಲಬ್ ಸೇರಿ ಜನ ಇಲ್ಲದೇ ಆಡಲ್ಲ ಅಂತ ಫೈನಲ್‌ನ ಒಂದು ವರ್ಷ ಮುಂದೆ ಹಾಕಿಸಿದ್ರು, ಆದ್ರೂ 2021ರ ಏಪ್ರಿಲ್ 3ಕ್ಕೆ ಸೆವಿಯಾದಲ್ಲಿ ಖಾಲಿ ಕುರ್ಚಿಗಳ ಎದುರೇ ಆಡ್ಬೇಕಾಯ್ತು. ಒಯಾರ್ಸಬಾಲ್ ಪೆನಾಲ್ಟಿ, 1-0. 1987ರ ನಂತರ ಬಂದ ಕೋಪಾ ಅದು. ಕೋಚ್ ಇಮಾನೊಲ್ ಅಲ್ಗುವಾಸಿಲ್, ತಾನೂ ಅದೇ ಕ್ಲಬ್‌ನ ಹಳೇ ಆಟಗಾರ, ಗಿಪುಸ್ಕೋವಾದ ಓರಿಯೊ ಊರಿನವನು, ಪ್ರೆಸ್ ಮೀಟ್‌ನಲ್ಲಿ ಕೋಟು ಬಿಚ್ಚಿಟ್ಟು ಕ್ಲಬ್ ಜೆರ್ಸಿ ಹಾಕ್ಕೊಂಡು, ಸ್ಕಾರ್ಫ್ ಹಿಡ್ಕೊಂಡು ಗಂಟಲು ಹರಿಯೋ ಹಾಗೆ ಅಭಿಮಾನಿಗಳ ಘೋಷಣೆ ಕೂಗಿದ, ವಿಡಿಯೋ ಹುಡುಕಿ ನೋಡಿ. ಸ್ಟ್ಯಾಂಡಲ್ಲಿ ಕೂಗೋಕೆ ಯಾರೂ ಇರ್ಲಿಲ್ವಲ್ಲ, ಆ ಕೆಲ್ಸನೂ ಪಾಪ ಕೋಚೇ ಮಾಡಿದ. ಜನ ತುಂಬಿದ ಹೊಸ ಅನೋಯೆಟಾ ಹೆಂಗಿರುತ್ತೆ ಅಂತ ನೋಡ್ಬೇಕಂದ್ರೆ 2023-24ರ ಚಾಂಪಿಯನ್ಸ್ ಲೀಗ್ ಮ್ಯಾಚ್‌ಗಳನ್ನ ನೋಡಿ, ಇಂಟರ್ ಮಿಲಾನ್, ಬೆನ್ಫಿಕಾ ಇದ್ದ ಗ್ರೂಪಲ್ಲಿ ಇವರೇ ಮೊದಲು ಬಂದ್ರು.

ಪ್ರಶ್ನೆ: ವರ್ಷಕ್ಕೆ ಇಷ್ಟೇ ಇಷ್ಟು ಮ್ಯಾಚ್‌ಗೋಸ್ಕರ ಅಷ್ಟು ದೊಡ್ಡ ಸ್ಟೇಡಿಯಂ? ಉಳಿದ ದಿನ ಬೀಗಾನಾ?

ಉತ್ತರ: ರಗ್ಬಿ ಇದೆ. ಗಡಿ ಆಚೆ ಫ್ರಾನ್ಸ್ ಕಡೆಯ ಬಾಸ್ಕ್ ಊರುಗಳಲ್ಲಿ ರಗ್ಬಿ ಹುಚ್ಚು ಜಾಸ್ತಿ, ಬಿಯಾರಿಟ್ಸ್ ಟೀಮ್ ತಮ್ಮ ದೊಡ್ಡ ಯುರೋಪಿಯನ್ ಮ್ಯಾಚ್‌ಗಳನ್ನ ದೇಶ ಬಿಟ್ಟು ಇಲ್ಲಿಗೆ ತಂದು ಆಡಿದ್ದುಂಟು. 2023ರಲ್ಲಂತೂ ಫ್ರೆಂಚ್ ಲೀಗ್‌ನ ಸೆಮಿಫೈನಲ್‌ಗಳೇ ಅನೋಯೆಟಾದಲ್ಲಿ ನಡೆದ್ವು. ಬ್ರೂಸ್ ಸ್ಪ್ರಿಂಗ್‌ಸ್ಟೀನ್ ಥರದವರ ಸಂಗೀತ ಕಾರ್ಯಕ್ರಮನೂ ಆಗುತ್ತೆ. 2030ರ ವಿಶ್ವಕಪ್‌ಗೆ ಸ್ಪೇನ್, ಪೋರ್ಚುಗಲ್, ಮೊರಾಕೊ ಸೇರಿ ಕೊಟ್ಟ ಬಿಡ್‌ನಲ್ಲೂ ಈ ಸ್ಟೇಡಿಯಂ ಹೆಸರಿತ್ತು. ಟ್ರ್ಯಾಕ್ ಇದ್ದಿದ್ರೆ ಆ ಪಟ್ಟಿಗೆ ಸೇರಿಸೋದು ಕಷ್ಟಾನೇ ಇತ್ತು ಅಂತ ನನ್ನ ಅನಿಸಿಕೆ.

ಪ್ರಶ್ನೆ: ಮುಂದಿನ ವರ್ಷ ಆ ಕಡೆ ಹೋಗೋ ಪ್ಲಾನ್ ಇದೆ. ಸ್ಟೇಡಿಯಂ ತಲುಪೋದು ಹೆಂಗೆ, ಯಾವ ಸೀಟ್ ತಗೊಳ್ಲಿ?

ಉತ್ತರ: ಯೂಸ್ಕೊಟ್ರೆನ್ ಅನ್ನೋ ಲೋಕಲ್ ರೈಲಿಗೆ ಅನೋಯೆಟಾ ಅಂತಾನೇ ಸ್ಟೇಷನ್ ಇದೆ, ಇಳಿದು ನಡೆದ್ರೆ ಬಂತು. ಕ್ಲಬ್ ಮ್ಯೂಸಿಯಂ ಸ್ಟೇಡಿಯಂನಲ್ಲೇ ಇದೆ. ಆಟ ಹೆಂಗೆ ಕಟ್ತಾರೆ ಅಂತ ನೋಡ್ಬೇಕಂದ್ರೆ ಸೈಡಲ್ಲಿ ಮೇಲಿನ ಸ್ಟ್ಯಾಂಡ್ ತಗೊಳ್ಳಿ. ಗದ್ದಲ ಬೇಕಂದ್ರೆ ಗೋಲ್ ಹಿಂದೆ, ಆದ್ರೆ ದಕ್ಷಿಣದ ಕಡೆ ಕೂತು ನೋಡ್ತೀನಿ ಅನ್ನೋ ಆಸೆ ಇಟ್ಕೋಬೇಡಿ, ಅಲ್ಲಿ ಯಾರೂ ಕೂರಲ್ಲ. ಡರ್ಬಿ ಟಿಕೆಟ್‌ಗೆ ಕೊನೇ ವಾರದಲ್ಲಿ ಓಡಾಡಿದ್ರೆ ಸಿಗೋದು ಕಷ್ಟ, ಬೇರೆ ಮ್ಯಾಚ್ ಆದ್ರೆ ಕ್ಲಬ್ ವೆಬ್‌ಸೈಟ್‌ನಲ್ಲೇ ನೋಡಿ. ಇನ್ನೊಂದು ವಿಷ್ಯ, ಬೇಸಿಗೆಲೂ ಅಲ್ಲಿ ಮಳೆ ಯಾವಾಗ ಬೇಕಾದ್ರೂ ಬರುತ್ತೆ, ಸ್ಟ್ಯಾಂಡ್ ಮೇಲೆ ಸೂರಿದೆ, ಸ್ಟೇಷನ್‌ನಿಂದ ಬರೋ ದಾರಿಲಿ ಇಲ್ಲ, ಒಂದು ಜಾಕೆಟ್ ಇಟ್ಕೊಳ್ಳಿ.